ಚಕ್ಕಡಿ ಹಾದಿಯೂ ದಪ್ಪಗಾಲಿಯ ಸೈಕಲ್ಲೂ

(ಬಾನುಲಿ ಭಾಷಣ)

ಹಳಗನ್ನಡದಲ್ಲಿ ಹಾದಿಗೆ ‘ಬಟ್ಟೆ’ ಎಂದು ಹೆಸರು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಶಬ್ದ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ನಗೆ ಏಳುತ್ತಿತ್ತು. ಆಗ ನಾನು, “ಉಡುವ ಬಟ್ಟೆ ಉಟ್ಟಷ್ಟೂ ಸವೆಯುತ್ತದೆ, ನಡೆಯುವ ಬಟ್ಟೆ ನಡೆಯದಿದ್ದರೆ ಅಳಿಯುತ್ತದೆ, ವ್ಯತ್ಯಾಸ ಇಷ್ಟೇ” ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಮೂವತ್ತು ವರ್ಷ ಹೇಳಿದ ಆ ಮಾತು ಅರ್ಧ ಮಾತ್ರ ನಿಜವೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಅದೂ ಒಂದು ಸೈಕಲ್ಲಿನಿಂದ.

ಹೋದ ವರ್ಷ ದಸರೆಯ ರಜೆಗೆ ಬೆಂಗಳೂರಿನಿಂದ ಬಂದ ನನ್ನ ಮಗಳ ಮಗ ತನ್ನ ಸೈಕಲ್ಲನ್ನೂ ಜೊತೆಗೆ ತಂದಿದ್ದ. ಹಾನಗಲ್ ತಾಲೂಕಿನ ನಮ್ಮ ಊರಿನಿಂದ ಹೈಸ್ಕೂಲಿಗೆ ನಾನು ತುಳಿದದ್ದು ಅಪ್ಪನ ಕಾಲದ ಕರಿಯ ಸೈಕಲ್ಲು. ಅದಕ್ಕೆ ಹಿಂದೊಂದು ಕ್ಯಾರಿಯರು, ಮುಂದೊಂದು ಗಂಟೆ, ಪೂರ್ಣ ಮುಚ್ಚಿದ ಚೈನು. ಹುಡುಗನ ಸೈಕಲ್ಲಿಗೆ ಇವಾವುವೂ ಇಲ್ಲ. ಅದರ ಗಾಲಿ ಮಾತ್ರ ನಮ್ಮದಕ್ಕಿಂತ ದಪ್ಪ, ಮೈತುಂಬ ಗುಬುಟುಗಳು. ಇದು ರಸ್ತೆಗಾಗಿ ಮಾಡಿದ್ದಲ್ಲ, ರಸ್ತೆ ಇಲ್ಲದ ಕಡೆಗೆಂದೇ ಮಾಡಿದ್ದು ಎಂದು ಅವನು ವಿವರಿಸಿದ. “ಅಂಥ ಜಾಗ ನಮ್ಮಲ್ಲಿ ಬೇಕಾದಷ್ಟಿದೆ” ಎಂದೆ. ಎಷ್ಟಿದೆ ಎಂಬುದು ಮುಂದೆ ತಿಳಿಯಿತು.

ಈ ಬಗೆಯ ಸೈಕಲ್ಲು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದ ಉತ್ತರಕ್ಕೆ ಮರಿನ್ ಎಂಬ ಕೌಂಟಿ ಇದೆ. ಒಂದು ಕಡೆ ಟಮಾಲ್ಪೈಸ್ ಬೆಟ್ಟ, ಅದರ ಮೈಮೇಲೆ ಕಾಡು, ಕೆಳಗೆ ಕಡಲಂಚಿನ ರಕ್ಷಿತ ಹುಲ್ಲುಗಾವಲು. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು ಮೂವತ್ತು ನಾಲ್ವತ್ತು ವರ್ಷ ಹಳೆಯದಾದ, ದಪ್ಪ ಟೈರಿನ ಭಾರವಾದ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ, ಮಣ್ಣುಹಾದಿಯಲ್ಲಿ ಕೆಳಗೆ ಬಿಡತೊಡಗಿದರು. 1976ರ ಅಕ್ಟೋಬರಿನಲ್ಲಿ ಇದು ಪಂದ್ಯವೇ ಆಯಿತು. ಆ ಸೈಕಲ್ಲುಗಳಿಗೆ ಇದ್ದುದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಗಾಲಿಯ ಗುಂಬದೊಳಗಿನ ಗ್ರೀಸು ಕಾದು ಹೊಗೆಯಾಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಗ್ರೀಸನ್ನು ಮತ್ತೆ ತುಂಬಬೇಕು. ಹೀಗೆ ‘ಮತ್ತೆ ತುಂಬುವುದು’ ಎಂಬ ಅರ್ಥದ ‘ರೀಪ್ಯಾಕ್’ ಎಂಬುದೇ ಆ ಪಂದ್ಯದ ಹೆಸರಾಯಿತು. ಈ ಹುಡುಗಾಟ 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಪದಕದ ಆಟವಾಯಿತು. ನಮ್ಮ ಕಡೆಗೂ ಅದು ಬಂದಿದೆ. 2022ರಲ್ಲಿ ಗದಗದ ಹತ್ತಿರದ ಬಿಂಕದಕಟ್ಟಿಯ ಗುಡ್ಡದಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಹಳ್ಳಿಯ ಹುಡುಗ ಹುಡುಗಿಯರು ಸೈಕಲ್ ಸ್ಪರ್ಧೆಗಳಲ್ಲಿ ಹೆಸರು ಮಾಡಿರುವುದು ಶ್ರೋತೃಗಳಿಗೆ ತಿಳಿದೇ ಇದೆ.

ಏರಿನಲ್ಲಿ ಈ ಸೈಕಲ್ಲು ಹೇಗೆ ನಡೆಯುತ್ತದೆ? ನಮ್ಮ ಹಳೆಯ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಸೈಕಲ್ಲು ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಸಮನೆಲದಲ್ಲಿ ಇದು ಲಾಭ, ಏರಿನಲ್ಲಿ ಶಿಕ್ಷೆ. ಹೊಸ ಸೈಕಲ್ಲಿನಲ್ಲಿ ಚೈನನ್ನು ಬೇಕಾದ ಹಲ್ಲುಚಕ್ರಕ್ಕೆ ಸರಿಸಬಹುದು. ಮುಂದೆ 22 ಹಲ್ಲು, ಹಿಂದೆ 34 ಹಲ್ಲು ಇರುವಲ್ಲಿಗೆ ಸರಿಸಿದರೆ, ಪೆಡಲಿನ ಒಂದು ಸುತ್ತಿಗೆ ಗಾಲಿ ಮುಕ್ಕಾಲು ಸುತ್ತೂ ತಿರುಗುವುದಿಲ್ಲ. ಸೈಕಲ್ಲು ಹೋಗುವುದು ಒಂದೂವರೆ ಮೀಟರಿನಷ್ಟು. ಅಂದರೆ ದೂರವನ್ನು ಕೊಟ್ಟು ಬಲವನ್ನು ಕೊಂಡಂತೆ. ಟೈರಿನ ಅಗಲ ಎರಡು ಅಂಗುಲಕ್ಕೂ ಹೆಚ್ಚು. ಒಳಗಿನ ಗಾಳಿ ಕಡಿಮೆ. ಆದುದರಿಂದ ಅದು ಕಲ್ಲಿನ ಮೇಲೆ ಪುಟಿಯದೆ, ಕಲ್ಲನ್ನು ಅಪ್ಪಿ ದಾಟುತ್ತದೆ.

ಇನ್ನು ನಮ್ಮ ಸೀಮೆಯನ್ನು ನೋಡೋಣ. ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಮಲೆನಾಡು ಮುಗಿದು ಬಯಲುಸೀಮೆ ತೊಡಗುವುದನ್ನು ಕಣ್ಣಾರೆ ಕಾಣಬಹುದು. ಹಾನಗಲ್ಲಿನ ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು, ಭತ್ತದ ಗದ್ದೆ, ಮಾವಿನ ತೋಪು. ಅಲ್ಲಿಂದಾಚೆ ಮುಂಡಗೋಡ, ಶಿರಸಿಗಳ ಕಾಡು. ವರದಾ ನದಿ ಬನವಾಸಿಯನ್ನು ಬಳಸಿ ಈ ತಾಲೂಕಿಗೆ ಇಳಿದು, ಮುಂದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಶಿಗ್ಗಾಂವಿಯ ಕಡೆ ಕನಕದಾಸರ ಬಾಡ, ಬಂಕಾಪುರದ ಹಾಳು ಕೋಟೆ. ಸವಣೂರಿನ ಕಡೆ ಎರೆ ಬಯಲು, ವೀಳ್ಯದೆಲೆಯ ತೋಟ. ಹಳೆಯ ಹಿರೇಕೆರೂರು ತಾಲೂಕಿನ ಮಾಸೂರಿನ ಬಳಿ ಕುಮುದ್ವತಿ ನದಿ ಗುಡ್ಡಗಳನ್ನು ಸೀಳಿ ಬರುವ ಕಣಿವೆಗೆ ಒಡ್ಡು ಹಾಕಿ ಕಟ್ಟಿದ ಮದಗದ ಕೆರೆ. ಒಂದೇ ದಿನದ ಸೈಕಲ್ ಪ್ರಯಾಣದಲ್ಲಿ ಕಾಡಂಚಿನ ಕೆಮ್ಮಣ್ಣು, ಗುಡ್ಡದ ಗರಸು, ಬಯಲಿನ ಎರೆ ಮೂರನ್ನೂ ಕಾಣುವ ಸೀಮೆಗಳು ನಾಡಿನಲ್ಲಿ ಹೆಚ್ಚಿಲ್ಲ.

ಈ ಮೂರು ಮಣ್ಣಿನ ಗುಣ ಬೇರೆ ಬೇರೆ. ಹಾದಿಯನ್ನು ಕೆಡಿಸುವುದು ಗಾಲಿಯೂ ಅಲ್ಲ, ಕಾಲೂ ಅಲ್ಲ, ನೀರು. ಗಾಲಿ ಒಂದು ಜಾಡನ್ನು ತೋಡುತ್ತದೆ. ಮಳೆಯ ನೀರು ಆ ಜಾಡನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಜಾಡು ಕೊರಕಲಾಗುತ್ತದೆ. ಜನ ಕೊರಕಲನ್ನು ಬಿಟ್ಟು ಪಕ್ಕದಲ್ಲಿ ನಡೆಯುತ್ತಾರೆ. ಅಲ್ಲಿ ಇನ್ನೊಂದು ಜಾಡು, ಇನ್ನೊಂದು ಕೊರಕಲು. ಕ್ಯಾಲಿಫೋರ್ನಿಯದಲ್ಲಿ 1980ರ ದಶಕದಲ್ಲಿ ಇದೇ ಸಂಗತಿ ಜಗಳಕ್ಕೆ ಕಾರಣವಾಯಿತು. ನಡೆಯುವವರು ಸೈಕಲ್ಲಿನವರನ್ನು ದೂರಿದರು. ಎಷ್ಟೋ ಕಿರುಹಾದಿಗಳಲ್ಲಿ ಸೈಕಲ್ಲನ್ನು ನಿಷೇಧಿಸಲಾಯಿತು. ಆಗ ಸೈಕಲ್ಲಿನವರೇ ಸಲಿಕೆ ಹಿಡಿದು ಹಾದಿ ಕಟ್ಟುವ ವಿದ್ಯೆಯನ್ನು ಕಲಿಯಬೇಕಾಯಿತು. 1988ರಲ್ಲಿ ಅಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘವೊಂದು ಇದಕ್ಕೆ ಸರಳವಾದ ಕಟ್ಟಳೆಗಳನ್ನು ಪ್ರಚುರಪಡಿಸಿತು.

ಮೊದಲನೆಯದು ಅರ್ಧದ ಕಟ್ಟಳೆ. ಹಾದಿಯ ಏರು ಗುಡ್ಡದ ಏರಿನ ಅರ್ಧವನ್ನು ಮೀರಬಾರದು. ಗುಡ್ಡವು ನೂರು ಅಡಿಗೆ ಇಪ್ಪತ್ತು ಅಡಿ ಏರುವುದಾದರೆ, ಹಾದಿ ನೂರು ಅಡಿಗೆ ಹತ್ತು ಅಡಿ ಏರಬಹುದು. ಇದಕ್ಕಿಂತ ಕಡಿದಾದರೆ ನೀರು ಹಾದಿಯನ್ನು ಅಡ್ಡ ದಾಟದೆ, ಹಾದಿಗುಂಟ ಓಡುತ್ತದೆ. ಎರಡನೆಯದು, ಗುಡ್ಡ ಎಷ್ಟೇ ಕಡಿದಾಗಿದ್ದರೂ ಹಾದಿಯ ಸರಾಸರಿ ಏರು ನೂರಕ್ಕೆ ಹತ್ತರ ಒಳಗಿದ್ದರೆ ಒಳ್ಳೆಯದು. ಮೂರನೆಯದು, ಹಾದಿಯ ಹೊರಮಗ್ಗುಲು ತುಸು ತಗ್ಗಿರಬೇಕು. ನಾಲ್ಕನೆಯದು, ಇಳಿಜಾರಿನ ನಡುನಡುವೆ ಹಾದಿ ಸ್ವಲ್ಪ ಏರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ಹಾದಿಯನ್ನು ಬಿಟ್ಟು ಹೊರಗೆ ಹೋಗುತ್ತದೆ. ಇದನ್ನು ಕೇಳಿದಾಗ ನನಗೆ ನಮ್ಮ ಗುಡ್ಡದ ದನದ ಹಾದಿಗಳು ನೆನಪಾದವು. ಮೇಯಲು ಹೋದ ದನ ನೆತ್ತಿಗೆ ನೇರವಾಗಿ ಏರುವುದಿಲ್ಲ. ಗುಡ್ಡದ ಮೈಯನ್ನು ಬಳಸಿ ಓರೆಯಾಗಿ ಏರುತ್ತದೆ. ಅವಸರಪಡುವವನು ಮನುಷ್ಯನೊಬ್ಬನೆ.

ಎರೆ ನೆಲದಲ್ಲಿ ಮಾತ್ರ ಈ ಕಟ್ಟಳೆಗಳು ನಡೆಯವು. ಅಲ್ಲಿ ಇಳಿಜಾರೇ ಇಲ್ಲ. ನೀರಿಗೆ ಹೋಗಲು ಎಡೆಯಿಲ್ಲ. ಮಳೆ ಬಿದ್ದ ಎರೆ ಗಾಲಿಗೆ ಮೆತ್ತಿ ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ. ಹಸಿಯಲ್ಲಿ ತುಳಿದ ಜಾಡು ಬೇಸಗೆಯಲ್ಲಿ ಕಲ್ಲಾಗಿ ನಿಲ್ಲುತ್ತದೆ. ಅಲ್ಲಿ ಮಾಡಬೇಕಾದ್ದು ಒಂದೇ: ನೆಲ ಆರುವವರೆಗೆ ಕಾಯುವುದು. ನೆನೆದ ನೆಲದ ಬಲಹೀನತೆಯನ್ನು ಸವಣೂರಿನವರಿಗೆ ಹೇಳಬೇಕಾಗಿಲ್ಲ. ಅಲ್ಲಿಯ ದೊಡ್ಡಹುಣಸೆ ಮಠದ ಮೂರು ಭಾರಿ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿತು. ಅದನ್ನು ಮತ್ತೆ ಎತ್ತಿ ನೆಡಲಾಯಿತು.

ಕಾಡಿನ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಹಾದಿ ಕಂಡಲ್ಲೆಲ್ಲ ಸೈಕಲ್ಲು ನುಗ್ಗಿಸಲು ಬರುವುದಿಲ್ಲ. ಕಾಯ್ದಿಟ್ಟ ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ, ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತವೆ. ಮೊದಲು ಅನುಮತಿ ಪಡೆಯಬೇಕು. ಬಂಕಾಪುರದ ಕೋಟೆಯ ಪ್ರದೇಶ 2006ರಿಂದ ನವಿಲುಗಳ ಧಾಮ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ಸದ್ದಿಲ್ಲದೆ ಬರುವ ಗಾಲಿಯೂ ಅಪಾಯವೇ. ಆದರೆ ಊರಿಂದೂರಿಗೆ ಹೋಗುವ ಚಕ್ಕಡಿ ಹಾದಿಗಳಿಗೆ ಈ ತೊಡಕಿಲ್ಲ. ಅವು ಸಾರ್ವಜನಿಕರವು, ಹಳೆಯ ಮೋಜಣಿಯ ಗ್ರಾಮ ನಕಾಶೆಗಳಲ್ಲಿ ಅವನ್ನು ಗೆರೆ ಹಾಕಿ ತೋರಿಸಿದೆ.

ಹಾಗೆಂದು ನಂಬಿಯೇ ನಾನು ಮೊಮ್ಮಗನನ್ನು ನನ್ನ ಹೈಸ್ಕೂಲಿನ ಹಾದಿಗೆ ಕರೆದೊಯ್ದೆ. ಅವನು ತನ್ನ ಸೈಕಲ್ಲಿನಲ್ಲಿ, ನಾನು ಬಾಡಿಗೆಯ ಸೈಕಲ್ಲಿನಲ್ಲಿ. ಹಳ್ಳ ದಾಟಿ ಅರ್ಧ ಮೈಲು ಹೋಗುವಷ್ಟರಲ್ಲಿ ಹಾದಿ ಕಿರಿದಾಯಿತು, ಬದುವಾಯಿತು, ಆಳೆತ್ತರದ ಗೋವಿನಜೋಳದ ಮುಂದೆ ಮುಗಿದೇ ಹೋಯಿತು. “ದಾರಿ ಎಲ್ಲಿ ಅಜ್ಜ?” ಎಂದು ಹುಡುಗ ಕೇಳಿದ. ನಾನು ಸುತ್ತ ನೋಡಿದೆ. ಹುಣಸೆಮರವನ್ನು ಗುರುತಿಸಿದೆ. ಅದು ನಮ್ಮದೇ ಹೊಲ.

ಸಂಜೆ ಅಣ್ಣನನ್ನು ಕೇಳಿದೆ. ಅವನೇನೂ ಮುಚ್ಚಿಡಲಿಲ್ಲ. “ತಮ್ಮಾ, ನೀ ಊರು ಬಿಟ್ಟು ನಲವತ್ತು ವರ್ಷ ಆತು. ಚಕ್ಕಡೀನ ಇಲ್ಲ, ಹಾದಿ ಯಾರಿಗೆ ಬೇಕು? ಮೊದಲ ಆಚೀ ಹೊಲದವರು ಎರಡು ಸಾಲು ಒಳಗ ಬಂದ್ರು. ಆಮ್ಯಾಲೆ ನಾ ಎರಡು ಸಾಲು ಹೋದೆ.” ಆ ಹೊಲದ ಫಸಲಿನಲ್ಲಿ ಪ್ರತಿ ವರ್ಷ ನನಗೂ ಒಂದು ಪಾಲು ಬರುತ್ತಿತ್ತು. ಹಾದಿಯನ್ನು ತಿಂದವರಲ್ಲಿ ನಾನೂ ಒಬ್ಬ.

ಮರುದಿನ ಮೂವರೂ ಹೊಲಕ್ಕೆ ಹೋದೆವು. ಹಾದಿ ಮುಚ್ಚಿದ್ದರಿಂದ ಆಚೆಗಿನ ಹೊಲಗಳವರು ಗೊಬ್ಬರದ ಚೀಲಗಳನ್ನು ತಲೆಯ ಮೇಲೆ ಹೊತ್ತು ಬದುಗುಂಟ ಹೋಗುತ್ತಿದ್ದರು. ಇನ್ನೊಂದು ಸಂಗತಿಯನ್ನು ಕಂಡುಹಿಡಿದವನು ಹುಡುಗ. ಚಕ್ಕಡಿ ಹಾದಿಯ ಪಕ್ಕದಲ್ಲಿ ಮೊದಲೊಂದು ಬಸಿಗಾಲುವೆ ಇತ್ತು. ಮೇಲಿನ ಗುಡ್ಡದ ನೀರು ಅದರ ಮೂಲಕ ಹಳ್ಳಕ್ಕೆ ಇಳಿಯುತ್ತಿತ್ತು. ಹಾದಿಯ ಜೊತೆಗೆ ಅದನ್ನೂ ಉತ್ತುಬಿಟ್ಟಿದ್ದರಿಂದ ನೀರು ನಮ್ಮ ಹೊಲದ ನಡುವೆಯೇ ಮೊಣಕಾಲುದ್ದದ ಕೊರಕಲು ಕೊರೆದಿತ್ತು. ನಾಲ್ಕು ಸಾಲು ಗಳಿಸಲು ಹೋಗಿ ಎಂಟು ಸಾಲು ಕಳೆದುಕೊಂಡಿದ್ದೆವು. ಅಣ್ಣ ಕೊರಕಲಿನೊಳಗೆ ಇಳಿದು ನಿಂತು ಬಹಳ ಹೊತ್ತು ಮಾತಾಡಲಿಲ್ಲ.

ಈ ಬೇಸಗೆಯಲ್ಲಿ ನಾವು ಗ್ರಾಮ ನಕಾಶೆಯ ಪ್ರತಿ ತೆಗೆಸಿ, ಅಳೆಯಿಸಿ, ನಮ್ಮ ಪಾಲಿನ ಎರಡು ಸಾಲನ್ನು ಬಿಟ್ಟುಕೊಟ್ಟೆವು. ಬಸಿಗಾಲುವೆಯನ್ನು ಮತ್ತೆ ತೋಡಿದೆವು. ಆಚೆಯ ಹೊಲದವರು ಇನ್ನೂ ಬಿಟ್ಟಿಲ್ಲ. ಹೀಗಾಗಿ ಈಗ ಅಲ್ಲಿರುವುದು ಅರ್ಧ ಹಾದಿ. ಸೈಕಲ್ಲಿಗೆ ಅಷ್ಟು ಸಾಕು. ಹುಡುಗ ಬೇಸಗೆಯ ರಜೆಯಲ್ಲಿ ಅದರ ಮೇಲೆ ಶಾಲೆಯವರೆಗೂ ಹೋಗಿ ಬಂದ. ಗೊಬ್ಬರ ಹೇರಿದ ಟ್ರ್ಯಾಕ್ಟರಿಗೆ ಇನ್ನರ್ಧವೂ ಬೇಕು. ಅದನ್ನು ಕೇಳಲು ನಾನು ಆಚೆಯ ಮನೆಗೆ ಎರಡು ಸಲ ಹೋಗಿ ಬಂದಿದ್ದೇನೆ. ಮುಂದಿನ ವಾರ ಮತ್ತೆ ಹೋಗಬೇಕು.