ಸಾಕ್ಷಿಯ ನೆನಪೂ ಸುದ್ದಿಯ ಅಬ್ಬರವೂ

ಬನ್ನೂರು ಕುರಿಯನ್ನು ಕೊಳ್ಳಬಂದವನು ಮಾರುವವನ ಮಾತನ್ನಷ್ಟೇ ಕೇಳಿ ಬೆಲೆ ಕಟ್ಟುವುದಿಲ್ಲ. ಅದರ ಬೆನ್ನಿನ ಮೇಲೆ ಕೈಯಾಡಿಸಿ, ಸೊಂಟವನ್ನು ಒತ್ತಿ ನೋಡಿ, ಬಾಯಿ ಬಿಡಿಸಿ ಹಲ್ಲೆಣಿಸಿದ ಮೇಲೆಯೇ ಚೌಕಾಸಿಗೆ ತೊಡಗುತ್ತಾನೆ. ಕಿವಿಗೆ ಬಿದ್ದ ಮಾತಿಗಿಂತ ಕೈಗೆ ಸಿಕ್ಕ ಸಾಕ್ಷ್ಯವೇ ಮೇಲು ಎಂಬ ವ್ಯವಹಾರಜ್ಞಾನವನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗಿದ್ದರೂ 2024ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಬನ್ನೂರಿನಲ್ಲಿಯೂ ನಾಡಿನ ಇತರ ಊರುಗಳಲ್ಲಿಯೂ, ಕೈಯಿಂದ ಮುಟ್ಟಿ ನೋಡಲಾಗದ ಒಂದು ವಿಷಯಕ್ಕೆ ಜನರು ಕೆಲವೇ ಗಂಟೆಗಳಲ್ಲಿ ಬೆಲೆ ಕಟ್ಟಿಬಿಟ್ಟರು.

ಆ ತಿಂಗಳ 9ರಂದು ಬೆಂಗಳೂರಿನ ಸುಮನಹಳ್ಳಿಯ ಬಳಿ ಮೋರಿಯೊಂದರ ಹತ್ತಿರ ಚಿತ್ರದುರ್ಗದ ಯುವಕರೊಬ್ಬರ ಶವ ದೊರೆಯಿತು. 11ರಂದು ಪೊಲೀಸರು ಚಿತ್ರನಟ ದರ್ಶನ್ ಅವರನ್ನು ಮೈಸೂರಿನಲ್ಲಿ ಬಂಧಿಸಿ ಬೆಂಗಳೂರಿಗೆ ಕರೆದೊಯ್ದರು. ಈ ಕೊಲೆಯ ಸಂಬಂಧದಲ್ಲಿ ಆರೋಪ ಹೊತ್ತವರು ಒಟ್ಟು 17 ಮಂದಿ. ಬನ್ನೂರಿನವರಿಗೆ ದರ್ಶನ್ ದೂರದವರಲ್ಲ. ಮೈಸೂರಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿಯೇ ಅವರ ತೋಟದ ಮನೆ ಉಂಟು. 2002ರಲ್ಲಿ ‘ಮೆಜೆಸ್ಟಿಕ್’ ಚಿತ್ರದ ನಾಯಕರಾಗಿ ತೆರೆಗೆ ಬಂದಂದಿನಿಂದ ಈ ಸೀಮೆಯ ಹುಡುಗರು ಅವರನ್ನು ತಮ್ಮ ಮನೆಯವರೆಂದೇ ಎಣಿಸಿಕೊಂಡು ಬಂದಿದ್ದರು.

ಬಂಧನದ ಸುದ್ದಿ ಹರಡಿದ ಕೂಡಲೆ ಸುದ್ದಿವಾಹಿನಿಗಳಿಗೆ ಬೇರೆ ಕೆಲಸವೇ ಇಲ್ಲವೆಂಬಂತಾಯಿತು. ಆಪಾದಿತರನ್ನು ಇರಿಸಿದ್ದ ಅನ್ನಪೂರ್ಣೇಶ್ವರಿ ನಗರದ ಪೊಲೀಸ್ ಠಾಣೆಯನ್ನು ಶಾಮಿಯಾನದ ಬಟ್ಟೆಯಿಂದ ಮರೆಮಾಡಿ, ಸುತ್ತಮುತ್ತ ನಿಷೇಧಾಜ್ಞೆ ಹೊರಡಿಸಬೇಕಾಯಿತು. ಮದುವೆಗೆ ಕಟ್ಟುವ ಶಾಮಿಯಾನವನ್ನು ಪೊಲೀಸ್ ಠಾಣೆಗೆ ಕಟ್ಟಿದ್ದನ್ನು ನಾವು ಹಿಂದೆ ಕೇಳಿರಲಿಲ್ಲ. ಒಳಗೆ ಏನು ನಡೆಯುತ್ತಿದೆಯೆಂಬುದು ಹೊರಗೆ ನಿಂತವರಿಗೆ ತಿಳಿಯುವಂತಿರಲಿಲ್ಲ. ಆದರೂ ಯಾರು ಏನು ಹೇಳಿದರು, ಯಾರು ಒಪ್ಪಿಕೊಂಡರು ಎಂಬ ವರ್ಣನೆ ಗಂಟೆಗೊಮ್ಮೆ ಬರುತ್ತಲೇ ಇತ್ತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಪ್ರಕರಣವು ವಿಧಿಸಿತ್ತು. 2023ರ ಹೊಸ ಅಧಿನಿಯಮವೂ ಆ ವಿಧಿಯನ್ನು ಉಳಿಸಿಕೊಂಡಿದೆ. ನ್ಯಾಯಾಲಯದ ಬಾಗಿಲಲ್ಲಿ ತಡೆದು ನಿಲ್ಲಿಸಬೇಕಾದ ಮಾತು ಹೀಗೆ ಪ್ರತಿಯೊಬ್ಬರ ನಡುಮನೆಗೂ ಬಂದು ಕುಳಿತಿತು.

ಇದರಿಂದ ಆದ ಹಾನಿಯಾದರೂ ಏನು? ನಮ್ಮ ದೇಶದಲ್ಲಿ ತೀರ್ಪು ಕೊಡುವವರು ನ್ಯಾಯಾಧೀಶರು. ಅವರು ಕಾನೂನಿನಲ್ಲಿ ನುರಿತವರು. ವಾಹಿನಿಗಳ ಕೂಗಾಟಕ್ಕೆ ಅವರು ಕಿವಿಗೊಡುವುದಿಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. 1959ರಲ್ಲಿ ಮುಂಬಯಿಯ ನೌಕಾದಳದ ಅಧಿಕಾರಿ ನಾನಾವತಿಯವರ ಮೊಕದ್ದಮೆ ನಡೆದಾಗ ಜ್ಯೂರಿ ಪದ್ಧತಿಯಿದ್ದಿತು. ‘ಬ್ಲಿಟ್ಸ್’ ವಾರಪತ್ರಿಕೆ ಅವರ ಪರವಾಗಿ ದೊಡ್ಡ ಪ್ರಚಾರವನ್ನೇ ನಡೆಸಿತು. ಜ್ಯೂರಿಯ 9 ಮಂದಿಯಲ್ಲಿ 8 ಮಂದಿ ಅವರನ್ನು ನಿರ್ದೋಷಿ ಎಂದರು. ಉಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ ಶಿಕ್ಷೆ ವಿಧಿಸಿತು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ. ಆದಕಾರಣ ಪ್ರಚಾರದ ಗಾಳಿ ನಮ್ಮ ನ್ಯಾಯಾಸನವನ್ನು ಅಲುಗಿಸಲಾರದು ಎಂದುಕೊಳ್ಳೋಣ. ಆದರೆ ನ್ಯಾಯಾಧೀಶರ ಮುಂದೆ ಬಂದು ನಿಲ್ಲುವ ಸಾಕ್ಷಿಯ ಗತಿಯೇನು? ಅವನು ಕಾನೂನು ಓದಿದವನಲ್ಲ. ಕಾವಲುಗಾರನೋ ವಾಹನ ಚಾಲಕನೋ ಹೋಟೆಲಿನ ನೌಕರನೋ ಆಗಿರಬಹುದು. ಮನೆಯಲ್ಲಿ ಎಲ್ಲರಂತೆ ಅವನೂ ದೂರದರ್ಶನ ನೋಡುತ್ತಾನೆ. ಮೊಕದ್ದಮೆಯು ನಿಂತಿರುವುದು ಬಹುಮಟ್ಟಿಗೆ ಅವನ ನೆನಪಿನ ಮೇಲೆ. ಆ ನೆನಪಿಗೆ ಏನಾಗುತ್ತದೆಯೆಂಬುದು ಮನಶ್ಶಾಸ್ತ್ರದ ಪ್ರಶ್ನೆ.

1992ನೆಯ ಇಸವಿ ಅಕ್ಟೋಬರ್ 4ರಂದು ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಸರಕು ಸಾಗಿಸುವ ವಿಮಾನವೊಂದು 11 ಅಂತಸ್ತಿನ ವಸತಿ ಕಟ್ಟಡಕ್ಕೆ ಬಡಿದು 43 ಮಂದಿ ಮೃತರಾದರು. ಬೆಂಕಿ ನಂದಿಸುವುದನ್ನೂ ಶವಗಳನ್ನು ಹೊರತೆಗೆಯುವುದನ್ನೂ ಅಲ್ಲಿನ ದೂರದರ್ಶನವು ದಿನಗಟ್ಟಲೆ ತೋರಿಸಿತು. ಆದರೆ ವಿಮಾನವು ಕಟ್ಟಡಕ್ಕೆ ಬಡಿದ ಆ ಕ್ಷಣದ ಚಿತ್ರ ಯಾರ ಬಳಿಯೂ ಇರಲಿಲ್ಲ. ಅದನ್ನು ಯಾರೂ ತೆಗೆದೇ ಇರಲಿಲ್ಲ. ಸುಮಾರು ಹತ್ತು ತಿಂಗಳಾದ ಮೇಲೆ ಕ್ರೊಂಬಾಗ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 193 ಮಂದಿಯನ್ನು, “ವಿಮಾನ ಬಡಿದ ಕ್ಷಣದ ಚಿತ್ರವನ್ನು ನೀವು ದೂರದರ್ಶನದಲ್ಲಿ ನೋಡಿದಿರಾ?” ಎಂದು ಕೇಳಿದರು. ‘ನೋಡಿದೆವು’ ಎಂದವರು 107 ಮಂದಿ! ಅನಂತರ ಕಾನೂನು ವಿದ್ಯಾರ್ಥಿಗಳನ್ನೇ ಕೇಳಿದಾಗ ನೂರಕ್ಕೆ 66 ಮಂದಿ ಹಾಗೆಯೇ ಹೇಳಿದರು. ವಿಮಾನ ಯಾವ ಕೋನದಲ್ಲಿ ಬಂದು ಬಡಿಯಿತು, ಬಡಿದ ಎಷ್ಟು ಹೊತ್ತಿಗೆ ಬೆಂಕಿ ಹತ್ತಿತು ಎಂಬುದನ್ನೂ ಹಲವರು ವಿವರಿಸಿದರು.

ಇವರು ಯಾರೂ ಸುಳ್ಳುಗಾರರಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಓದಿದ್ದು, ಕೇಳಿದ್ದು, ಊಹಿಸಿದ್ದು ಎಲ್ಲವೂ ಬೆರೆತು ಅವರ ಮನಸ್ಸಿನಲ್ಲಿ ಒಂದು ಚಿತ್ರ ತಾನಾಗಿ ಮೂಡಿತ್ತು. ಮೂಡಿದ ಚಿತ್ರಕ್ಕೂ ಕಂಡ ಚಿತ್ರಕ್ಕೂ ಇರುವ ಅಂತರ ಅವರಿಗೆ ಗೋಚರಿಸಲಿಲ್ಲ. ನೆನಪು ಫೋಟೋ ಇದ್ದಂತೆ ಎಂದು ನಾವೆಲ್ಲ ತಿಳಿದಿದ್ದೇವೆ. ವಾಸ್ತವವಾಗಿ ಅದು ಪ್ರತಿಸಲವೂ ಹೊಸದಾಗಿ ಹಾಕುವ ರಂಗೋಲಿ. ಚುಕ್ಕಿಗಳು ಹಳೆಯವು, ಗೆರೆಗಳನ್ನು ಎಳೆಯುವಾಗ ಅಕ್ಕಪಕ್ಕದವರ ಮಾತೂ ಬೆರಳಿಗೆ ತಾಗುತ್ತದೆ.

ಒಂದೇ ಒಂದು ಪದವೂ ಇಂಥ ಕೆಲಸ ಮಾಡಬಲ್ಲದು. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು 150 ವಿದ್ಯಾರ್ಥಿಗಳಿಗೆ ಮೋಟಾರು ಅಪಘಾತದ ಚಿಕ್ಕ ಚಲನಚಿತ್ರವೊಂದನ್ನು ತೋರಿಸಿದರು. ಅನಂತರ 50 ಮಂದಿಗೆ, ‘ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗವೆಷ್ಟಿತ್ತು?’ ಎಂದೂ, ಇನ್ನು 50 ಮಂದಿಗೆ ‘ಬಡಿದಾಗ ವೇಗವೆಷ್ಟಿತ್ತು?’ ಎಂದೂ ಹೊಂದುವ ಮಾತಿನಲ್ಲಿ ಪ್ರಶ್ನೆ ಹಾಕಿದರು. ಉಳಿದ 50 ಮಂದಿಗೆ ವೇಗದ ಪ್ರಶ್ನೆಯೇ ಇಲ್ಲ. ಒಂದು ವಾರದ ಮೇಲೆ ಎಲ್ಲರನ್ನೂ ಕರೆದು, ‘ಒಡೆದ ಗಾಜನ್ನು ಕಂಡಿರಾ?’ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರಲ್ಲಿ 16 ಮಂದಿ ಗಾಜನ್ನು ಕಂಡೆವೆಂದರು. ‘ಬಡಿದಾಗ’ ಎಂದು ಕೇಳಿಸಿಕೊಂಡವರಲ್ಲಿ 7 ಮಂದಿ. ಏನನ್ನೂ ಕೇಳಿಸಿಕೊಳ್ಳದವರಲ್ಲಿ 6 ಮಂದಿ. ಇನ್ನು ‘ಕರೆದುಕೊಂಡು ಹೋದರು’ ಎಂಬುದಕ್ಕೂ ‘ಎಳೆದೊಯ್ದರು’ ಎಂಬುದಕ್ಕೂ ಇರುವ ಅಂತರವನ್ನು ನಾವು ಬಿಡಿಸಿ ಹೇಳಬೇಕೆ? ಲಾಫ್ಟಸ್ ಅವರ ವಿದ್ಯಾರ್ಥಿಗಳು ಆ ಪದವನ್ನು ಕೇಳಿದ್ದು ಒಂದೇ ಸಲ. ವಾಹಿನಿಯ ಮುಂದೆ ಕುಳಿತವನು ದಿನಕ್ಕೆ ಹತ್ತಾರು ಸಲ ಕೇಳುತ್ತಾನೆ. ಪುನರುಕ್ತಿಯ ಶಕ್ತಿಯೂ ಪರೀಕ್ಷೆಗೆ ಒಳಗಾಗಿರುವ ಸಂಗತಿಯೇ: 1977ರಲ್ಲಿ ಹ್ಯಾಷರ್ ಮೊದಲಾದವರು ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ವಿದ್ಯಾರ್ಥಿಗಳಿಗೆ ಹೇಳಿಕೆಗಳನ್ನು ಕೇಳಿಸಿ, ಅವುಗಳಲ್ಲಿ ಕೆಲವನ್ನು ಮಾತ್ರ ಪ್ರತಿಸಲವೂ ಮರಳಿ ಕೇಳಿಸಿದರು. ಮರಳಿ ಕೇಳಿದವು ನಿಜವಾಗಲಿ ಸುಳ್ಳಾಗಲಿ, ಅವುಗಳ ಮೇಲಿನ ನಂಬಿಕೆ ಏರುತ್ತಲೇ ಹೋಯಿತು.

ಈಗ ನಮ್ಮ ಪ್ರಕರಣಕ್ಕೆ ಮರಳೋಣ. 2024ರ ಸೆಪ್ಟೆಂಬರ್ 4ರಂದು ಪೊಲೀಸರು 3,991 ಪುಟಗಳ ಆರೋಪಪಟ್ಟಿಯನ್ನು ಸಲ್ಲಿಸಿದರು. ಅದರಲ್ಲಿ ಹೆಸರಿಸಿದ ಸಾಕ್ಷಿಗಳು 231. ನ್ಯಾಯಾಲಯವು ಆರೋಪಗಳನ್ನು ನಿಗದಿಮಾಡಿ ಆಪಾದಿತರಿಗೆ ಓದಿ ಹೇಳಿದ್ದು 2025ರ ನವೆಂಬರ್ 3ರಂದು. ತಾವು ತಪ್ಪಿತಸ್ಥರಲ್ಲವೆಂದು ಅವರು ಹೇಳಿದರು. ಎಂದಮೇಲೆ, ಜೂನ್ ತಿಂಗಳ ಒಂದು ರಾತ್ರಿ ಏನನ್ನೋ ಕಂಡ ಸಾಕ್ಷಿಯು ಅದನ್ನು ನ್ಯಾಯಾಲಯದಲ್ಲಿ ಹೇಳಲು ಕಡಮೆಯೆಂದರೂ 17 ತಿಂಗಳು ಕಾಯಬೇಕು. ಅಷ್ಟು ಕಾಲವೂ ಅದೇ ಮುಖಗಳು, ಅದೇ ಕಾರುಗಳು, ಅದೇ ಶೆಡ್ಡು ಅವನ ಕಣ್ಣ ಮುಂದೆ ಸುಳಿದಾಡುತ್ತಲೇ ಇರುತ್ತವೆ. ಗುರುತು ಪತ್ತೆಯ ಪರೇಡಿನಲ್ಲಿ ಸಾಕ್ಷಿಯು ಆಪಾದಿತನನ್ನು ಬೊಟ್ಟುಮಾಡಿ ತೋರಿಸಿದರೆ ಅದಕ್ಕೆ ಬೆಲೆಯುಂಟು. ಆದರೆ ಮೊದಲೇ ಅವನ ಭಾವಚಿತ್ರವನ್ನು ಸಾಕ್ಷಿಯು ಕಂಡಿದ್ದರೆ ಆ ಬೆಲೆ ಇಳಿದುಹೋಗುತ್ತದೆಯೆಂದು ನಮ್ಮ ನ್ಯಾಯಾಲಯಗಳು ಎಷ್ಟೋ ಸಲ ಹೇಳಿವೆ. ನಟನ ಮುಖವಂತೂ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಅವರೊಂದಿಗೆ ಆರೋಪ ಹೊತ್ತ, ನಾಡಿಗೆ ಅಪರಿಚಿತರಾದ ಇತರರ ಮುಖಗಳನ್ನೂ ಸಾಲಾಗಿ ಜೋಡಿಸಿ ತೋರಿಸಿದ್ದೇಕೆ?

ಇಲ್ಲಿ ಒಂದು ವಿಚಿತ್ರವಿದೆ. ಈ ಹಾನಿ ಆಪಾದಿತನಿಗೆ ಮಾತ್ರವೇ ತಟ್ಟುತ್ತದೆಯೆಂದಲ್ಲ. ನಿಜವನ್ನೇ ಕಂಡ ಸಾಕ್ಷಿಯನ್ನೂ ಪಾಟೀಸವಾಲಿನಲ್ಲಿ ವಕೀಲರು, “ಇದನ್ನು ನೀವು ಅಲ್ಲಿ ಕಂಡಿರೋ, ದೂರದರ್ಶನದಲ್ಲಿ ಕಂಡಿರೋ?” ಎಂದು ಕೇಳಬಹುದು. ಅವನು ತಡವರಿಸಿದರೆ ನಷ್ಟ ಮೃತನ ಮನೆಯವರಿಗೆ. ಅವರಿಗಾಗಿಯೇ ತಾವು ಕೂಗುತ್ತಿರುವುದಾಗಿ ಹೇಳಿಕೊಂಡ ವಾಹಿನಿಗಳು ಅವರ ಸಾಕ್ಷ್ಯವನ್ನೇ ಸವೆಸುತ್ತಿದ್ದವು. ಮೃತನು ಬದುಕಿದ್ದಾಗಿನ ಕೊನೆಯ ಗಳಿಗೆಯವೆಂದು ಹೇಳಲಾದ ಭಾವಚಿತ್ರಗಳು ಆರೋಪಪಟ್ಟಿಯ ಬೆನ್ನಿಗೇ ಎಲ್ಲೆಡೆ ಹರಿದಾಡಿದ್ದನ್ನಂತೂ ನಾವು ಕ್ರೌರ್ಯವೆಂದೇ ಕರೆಯುತ್ತೇವೆ.

ರಕ್ತದ ಕಲೆ, ಬೆರಳಚ್ಚುಗಳು ದೂರದರ್ಶನ ನೋಡುವುದಿಲ್ಲವಷ್ಟೆ ಎಂದು ವಿಜ್ಞಾನದ ವಿದ್ಯಾರ್ಥಿಗಳು ಹೇಳಬಹುದು. ಹೌದು, ಆದರೆ ಅವುಗಳನ್ನು ಓದುವ ತಜ್ಞರು ನೋಡುತ್ತಾರೆ. 2006ರಲ್ಲಿ ಇಟಿಯಲ್ ಡ್ರೋರ್ ಎಂಬವರು ಪಳಗಿದ ಐವರು ಬೆರಳಚ್ಚು ತಜ್ಞರಿಗೆ, ಅವರೇ ವರ್ಷಗಳ ಹಿಂದೆ ‘ಹೊಂದುತ್ತವೆ’ ಎಂದು ಹೇಳಿದ್ದ ಗುರುತುಗಳನ್ನು ಮರಳಿ ಕೊಟ್ಟು, ಸುದ್ದಿಯಲ್ಲಿ ಹೆಸರಾಗಿದ್ದ ಒಂದು ತಪ್ಪು ಗುರುತಿಸುವಿಕೆಯ ಪ್ರಕರಣ ಇದೇ ಎಂದು ನಂಬಿಸಿದರು. ಮೂವರು ‘ಹೊಂದುವುದಿಲ್ಲ’ ಎಂದರು, ಒಬ್ಬರು ಹೇಳಲಾಗದೆಂದರು, ಒಬ್ಬರು ಮಾತ್ರ ತಮ್ಮ ಹಿಂದಿನ ಮಾತಿಗೆ ಅಂಟಿಕೊಂಡರು. ಗೆರೆಗಳು ಬದಲಾಗಿರಲಿಲ್ಲ, ಜತೆಗೆ ಹೇಳಿದ ಕಥೆ ಬದಲಾಗಿತ್ತು.

ಅಭಿಮಾನಿಗಳ ಗದ್ದಲವೂ ಇದೇ ಜಾತಿಯದು. ಒಬ್ಬನ ಒಂದು ಗುಣವನ್ನು ಮೆಚ್ಚಿದವರು ಅವನ ಉಳಿದ ಗುಣಗಳಿಗೂ ಹೆಚ್ಚು ಅಂಕ ಕೊಡುತ್ತಾರೆಂದು ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು 1920ರಷ್ಟು ಹಿಂದೆಯೇ ತೋರಿಸಿದ್ದರು. ತೆರೆಯ ಮೇಲೆ ದುಷ್ಟರನ್ನು ಸದೆಬಡಿದವನು ತಪ್ಪು ಮಾಡಲಾರನೆಂಬ ವಾದ ಅಲ್ಲಿಂದ ಹುಟ್ಟುತ್ತದೆ. 2025ರ ಜುಲೈಯಲ್ಲಿ, ಮೃತನ ಮನೆಯವರಿಗೆ ನ್ಯಾಯ ದೊರೆಯಲೆಂದು ಬರೆದ ನಟಿ ರಮ್ಯಾ ಅವರ ಮೇಲೆ ಅಭಿಮಾನಿಗಳೆನಿಸಿಕೊಂಡ ಕೆಲವರು ಅಸಭ್ಯ ಬೈಗುಳಗಳ ಮಳೆಗರೆದು, ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಹೆಸರಾಂತ ನಟಿಗೇ ಹೀಗಾದರೆ ಸಾಮಾನ್ಯ ಸಾಕ್ಷಿಯ ಎದೆ ಎಷ್ಟು ಗಟ್ಟಿಯಿರಬೇಕು!

ಕಾನೂನು ಸುಮ್ಮನಿದೆಯೆ? 1971ರ ನ್ಯಾಯಾಂಗ ನಿಂದನೆಯ ಅಧಿನಿಯಮವು, ನಡೆಯುತ್ತಿರುವ ಮೊಕದ್ದಮೆಗೆ ಅಡ್ಡಿಯಾಗುವ ಬರವಣಿಗೆಯನ್ನು ನಿಂದನೆಯೆಂದು ಎಣಿಸುತ್ತದೆ. ಆದರೆ ಪೊಲೀಸರು ತನಿಖೆ ಮಾಡುವ ಪ್ರಕರಣವು ಈ ಅಧಿನಿಯಮದ ಲೆಕ್ಕದಲ್ಲಿ ‘ನಡೆಯುತ್ತಿದೆ’ ಎನಿಸಿಕೊಳ್ಳುವುದು ಸಾಮಾನ್ಯವಾಗಿ ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ. ಈ ಪ್ರಕರಣದಲ್ಲಿ ಬಂಧನಕ್ಕೂ ಆರೋಪಪಟ್ಟಿಗೂ ನಡುವೆ 85 ದಿನಗಳು ಕಳೆದವು. ಅಬ್ಬರವೆಲ್ಲ ತಾರಕಕ್ಕೇರಿದ್ದು ಆ ದಿನಗಳಲ್ಲಿಯೇ. ರಕ್ಷಣೆಯು ಬಂಧನದ ದಿನದಿಂದಲೇ ಆರಂಭವಾಗಬೇಕೆಂದು ಕಾನೂನು ಆಯೋಗವು 2006ರಲ್ಲಿ ತನ್ನ 200ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು. ಮುಂಬಯಿ ಉಚ್ಚ ನ್ಯಾಯಾಲಯವು 2021ರಲ್ಲಿ, ಮತ್ತೊಬ್ಬ ನಟನ ಸಾವಿನ ಸುದ್ದಿಗಳ ಸಂಬಂಧದಲ್ಲಿ, ತನಿಖೆಯ ಹಂತದ ಪ್ರಚಾರವೂ ನಿಂದನೆಯಾಗಬಹುದೆಂದಿತು. ನಮ್ಮ ಪ್ರಕರಣದಲ್ಲಿ ಆರೋಪಪಟ್ಟಿಯ ಗೋಪ್ಯ ವಿವರಗಳನ್ನು ಬಿತ್ತರಿಸಕೂಡದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ತಡೆಯೊಡ್ಡಿತು. ಅಷ್ಟು ಹೊತ್ತಿಗೆ ನೀರು ಕಟ್ಟೆಯೊಡೆದು ಹರಿದಿತ್ತು.

ಹಾಗೆಂದು ಪತ್ರಿಕೆಗಳ ಬಾಯಿ ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. 2024ರ ಆಗಸ್ಟಿನಲ್ಲಿ, ಪರಪ್ಪನ ಅಗ್ರಹಾರದ ಸೆರೆಮನೆಯ ಹುಲ್ಲುಹಾಸಿನ ಮೇಲೆ ದರ್ಶನ್ ಅವರು ಸಿಗರೇಟು ಹಿಡಿದು ಕುಳಿತ ಚಿತ್ರ ಹೊರಬಿದ್ದುದರಿಂದಲೇ ಸೆರೆಮನೆಯ ಆಡಳಿತದ ಮೇಲೆ ಕ್ರಮ ನಡೆದು ಅವರನ್ನು ಬಳ್ಳಾರಿಗೆ ಸಾಗಿಸಿದ್ದು. ಅಧಿಕಾರದಲ್ಲಿದ್ದವರ ನಡತೆಯನ್ನು ಬಯಲಿಗೆಳೆದ ಆ ಸುದ್ದಿಯಿಂದ ಯಾವ ಸಾಕ್ಷಿಯ ನೆನಪೂ ಕದಡಲಿಲ್ಲ. ಉಚ್ಚ ನ್ಯಾಯಾಲಯವು ಕೊಟ್ಟ ಜಾಮೀನನ್ನು 2025ರ ಆಗಸ್ಟ್ 14ರಂದು ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿದ್ದೂ ನಾಡು ತಿಳಿಯಬೇಕಾದ ವಾರ್ತೆಯೇ. ತನಿಖೆಯಲ್ಲಿ ಯಾವ ಸಾಕ್ಷಿ ಏನೆಂದನೆಂಬುದು ಬೇರೆ ಮಾತು.

ನೆನಪು ಕೆಡದಂತೆ ಕಾಯುವ ಒಂದು ಸುಲಭ ಉಪಾಯವನ್ನು ಗ್ಯಾಬರ್ಟ್, ಹೋಪ್, ಫಿಷರ್ ಎಂಬ ಮೂವರು 2009ರಲ್ಲಿ ಪರೀಕ್ಷಿಸಿದರು. ಘಟನೆಯನ್ನು ಕಂಡವನು ತಡಮಾಡದೆ, ಸಿದ್ಧಪಡಿಸಿದ ಪ್ರಶ್ನಾವಳಿಯ ನೆರವಿನಿಂದ ತಾನು ಕಂಡದ್ದನ್ನೆಲ್ಲ ತಾನೇ ಬರೆದಿಡಬೇಕು. ಹೀಗೆ ಮಾಡಿದವರ ನೆನಪು, ಬರೆಯದವರದಕ್ಕಿಂತ ಹೆಚ್ಚು ಸಂಪೂರ್ಣವಾಗಿ ಉಳಿಯಿತು. ಇದನ್ನು ನಮ್ಮ ವಾಚಕರು ತರಗತಿಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಪಾಠದ ನಡುವೆ ಒಬ್ಬ ಗೆಳೆಯನು ಒಳಗೆ ಬಂದು, ಮೇಜಿನ ಮೇಲಿನ ಪುಸ್ತಕವೊಂದನ್ನು ಎತ್ತಿಕೊಂಡು, ಒಂದು ಮಾತನಾಡಿ ಹೊರಟುಹೋಗಲಿ. ಅರ್ಧ ತರಗತಿ ಕೂಡಲೆ ಕಂಡದ್ದನ್ನು ಬರೆದು ಚೀಟಿಯನ್ನು ಉಪಾಧ್ಯಾಯರಿಗೆ ಒಪ್ಪಿಸಲಿ, ಉಳಿದರ್ಧ ಬರೆಯದಿರಲಿ. ಅಂದು ಸಂಜೆ, ಅವನು ಕೆಂಪು ಅಂಗಿ ತೊಟ್ಟಿದ್ದನೆಂದು ಒಂದು ಸುಳ್ಳು ಸುದ್ದಿಯನ್ನು ಹಬ್ಬಿಸಿ. ಒಂದು ವಾರದ ಮೇಲೆ ಎಲ್ಲರನ್ನೂ ಅಂಗಿಯ ಬಣ್ಣ ಕೇಳಿ, ಎರಡು ಗುಂಪುಗಳ ಉತ್ತರಗಳನ್ನು ಬೇರೆ ಬೇರೆಯಾಗಿ ಎಣಿಸಿರಿ. ಸುಳ್ಳು ಹಬ್ಬಿಸಿದ್ದು ಪರೀಕ್ಷೆಗಾಗಿ ಎಂಬುದನ್ನು ಆಮೇಲೆ ಎಲ್ಲರಿಗೂ ಹೇಳುವುದನ್ನು ಮರೆಯಬಾರದು.