ಒಂದು ನ್ಯಾನೋಮೀಟರ್ ಪದರದ ಕಥೆ

ನಮ್ಮ ಪಾವಗಡದ ಸೋಲಾರ್ ಪಾರ್ಕ್ ನೋಡಿದ್ದೀರಾ? ಕಣ್ಣು ಹಾಯಿಸಿದಷ್ಟು ದೂರ ಪ್ಯಾನೆಲ್‌ಗಳೇ, ಒಟ್ಟು 2,050 ಮೆಗಾವ್ಯಾಟ್. ಅಂಥ ಪ್ಯಾನೆಲ್‌ಗಳಿಗೆ ಬೇಕಾದ ಸಿಲಿಕಾನನ್ನು 1,400 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ ಕರಗಿಸಬೇಕು. ನಾನು ಇಲ್ಲಿ ಜರ್ಮನಿಯಲ್ಲಿ ಮಾಸ್ಟರ್ಸ್ ಥೀಸಿಸ್‌ಗೆ ಹಿಡಿದಿರೋ ವಸ್ತುವೇ ಬೇರೆ: ಪೆರೋವ್‌ಸ್ಕೈಟ್. ಅದನ್ನು ಶಾಯಿಯ ಹಾಗೆ ದ್ರಾವಣ ಮಾಡಿ, ಗಾಜಿನ ಮೇಲೆ ಹರಡಿ, ಸುಮಾರು 100 ಡಿಗ್ರಿಯಲ್ಲಿ ಒಣಗಿಸಿದರೆ ಸಾಕು. ದಪ್ಪ ಅರ್ಧ ಮೈಕ್ರೋಮೀಟರ್ ಆಸುಪಾಸು.

2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಮಾಡಿದ ಮೊದಲ ಕೋಶದ ದಕ್ಷತೆ ಬರೀ 3.8%. ಈಗ ಅದು 25% ದಾಟಿದೆ. ಹಾಗಾದ್ರೆ ತಪ್ಪಿಸಬಹುದಾದ ನಷ್ಟ ಎಲ್ಲಾಗ್ತಿದೆ? ಬಹುಪಾಲು ಅಂಚಿನಲ್ಲಿ. ಬೆಳಕು ಬಿದ್ದಾಗ ಒಳಗೆ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ, ಅಂದ್ರೆ ಹೋಲ್, ಹುಟ್ಟುತ್ತವೆ. ಒಂದು ಈ ಕಡೆ, ಇನ್ನೊಂದು ಆ ಕಡೆ ಹೊರಬಂದರೆ ಕರೆಂಟು. ಪದರಗಳು ಕೂಡುವ ಜಾಗದಲ್ಲಿ ದೋಷವಿದ್ದರೆ ಎರಡೂ ಅಲ್ಲೇ ಮತ್ತೆ ಸೇರಿ, ಶಕ್ತಿ ಬಿಸಿಯಾಗಿ ಪೋಲಾಗುತ್ತೆ.

ಇದಕ್ಕೆ ಲಿಥುವೇನಿಯಾದ ಕೌನಾಸ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಬರ್ಲಿನ್ನಿನ ಹೆಲ್ಮ್‌ಹೋಲ್ಟ್ಸ್ ಕೇಂದ್ರದವರು ಸೇರಿ ಒಂದು ಉಪಾಯ ಕಂಡುಕೊಂಡರು. ಅವರ ಅಣುವಿಗೆ ಮೂರು ಭಾಗ. ಕಾಲು ಫಾಸ್ಫೋನಿಕ್ ಆಮ್ಲ: ಗಾಜಿನ ಮೇಲಿನ ಲೋಹದ ಆಕ್ಸೈಡನ್ನು ಗಟ್ಟಿಯಾಗಿ ಹಿಡಿಯುತ್ತೆ. ನಡು ಕಾರ್ಬನ್ ಸರಪಳಿ. ತಲೆ ಕಾರ್ಬಜೋಲ್: ಹೋಲ್‌ಗಳನ್ನು ಮಾತ್ರ ದಾಟಿಸುತ್ತೆ. ದ್ರಾವಣ ಹಾಕಿ, ಬಿಸಿ ಮಾಡಿ, ಎಥೆನಾಲ್‌ನಲ್ಲಿ ತೊಳೆದರೆ ಹಿಡಿದುಕೊಂಡ ಅಣುಗಳಷ್ಟೇ ಉಳಿದು, ಸಾಲಾಗಿ ನಿಲ್ಲುತ್ತವೆ. ಯಾರೂ ಜೋಡಿಸಬೇಕಿಲ್ಲ! ಪದರದ ದಪ್ಪ ಸುಮಾರು ಒಂದು ನ್ಯಾನೋಮೀಟರ್. ನಡುವಿನಲ್ಲಿ ನಾಲ್ಕು ಕಾರ್ಬನ್, ತಲೆಗೆ ಎರಡು ಮೀಥೈಲ್ ಗುಂಪು ಇರುವ ಮಿ-4ಪ್ಯಾಕ್ಜ್ ಬಳಸಿ, ಪೆರೋವ್‌ಸ್ಕೈಟನ್ನು ಸಿಲಿಕಾನ್ ಮೇಲೆ ಕೂರಿಸಿ, 2020ರಲ್ಲಿ 29.15% ದಕ್ಷತೆ ತೋರಿಸಿದರು.

ಕೇಳೋಕೆ ಸುಲಭ. ನನ್ನ ಮೊದಲ ವಾರದ ಸ್ಯಾಂಪಲ್‌ಗಳಲ್ಲಿ ಮುಕ್ಕಾಲು ಪಾಲು ಕಸದ ಬುಟ್ಟಿಗೆ ಹೋದವು. ಆ ಮೀಥೈಲ್ ತಲೆಗೆ ನಮ್ಮ ಶಾಯಿ ಅಂದ್ರೆ ಆಗಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉರುಳಿ ಹೋಯ್ತು, ಅರ್ಧ ಗಾಜು ಬೋಳು. ಶಾಯಿಯನ್ನು ಒಪ್ಪುವ ಇನ್ನೊಂದು ಅಣುವನ್ನು ಜೊತೆಗೆ ಬೆರೆಸಿದ ಮೇಲೆ ಹರಡಿತು. ಆದ್ರೆ ಬೆರಕೆ ಹೆಚ್ಚಾದರೆ ಶಕ್ತಿಮಟ್ಟ ಹೊಂದದೆ ವೋಲ್ಟೇಜ್ ಬೀಳುತ್ತೆ. ಹಿಡಿತ ಬೇಕು, ಹರಡಲೂ ಬೇಕು, ಮಟ್ಟವೂ ಹೊಂದಬೇಕು. ಅಣುವಿನ ಎಂಜಿನಿಯರಿಂಗ್ ಅಂದ್ರೆ ಈ ಹಗ್ಗದ ಮೇಲಿನ ನಡಿಗೆ.

ದಕ್ಷತೆ ಒಂದೇ ಸಾಲದು. ಪೆರೋವ್‌ಸ್ಕೈಟ್‌ಗೆ ತೇವ, ಬಿಸಿ ಎರಡೂ ಶತ್ರು. ಒಳಗೆ ಸೀಸ ಬೇರೆ ಇದೆ, ಅದು ಮಣ್ಣಿಗೆ ಸೇರಬಾರದು. ಮಾರುಕಟ್ಟೆಗೆ ಬರುವ ಪ್ಯಾನೆಲ್ 85 ಡಿಗ್ರಿ ಬಿಸಿ, 85% ತೇವಾಂಶದಲ್ಲಿ 1,000 ಗಂಟೆ ತಾಳಬೇಕು. ಆಮೇಲೆ ಮನೆ ತಾರಸಿ ಮೇಲೆ ಇಪ್ಪತ್ತೈದು ವರ್ಷ. ಆ ಒಂದು ನ್ಯಾನೋಮೀಟರ್ ಅಷ್ಟು ದಿನ ಕೈ ಬಿಡದೆ ಹಿಡಿದಿರುತ್ತಾ? ನನ್ನ ಥೀಸಿಸ್ ಕೇಳ್ತಿರೋ ಪ್ರಶ್ನೆ ಅದೇ. ಲ್ಯಾಬಿನ ದೀಪದ ಕೆಳಗೆ ಪಾಸಾಗೋದು ಒಂದು, ಪಾವಗಡದ ಏಪ್ರಿಲ್ ಬಿಸಿಲಲ್ಲಿ ಪಾಸಾಗೋದು ಇನ್ನೊಂದು.