ಮಗಳ ಓದು ಎಲ್ಲಿಯವರೆಗೆ? ಕಾನೂನು 14ಕ್ಕೆ ನಿಂತರೂ ನಾವು ನಿಲ್ಲಬಾರದು



ಬೇಸಿಗೆ ರಜೆಯಲ್ಲಿ ಹೆಣ್ಣುಮಕ್ಕಳು ತಾಯಿಗೆ ದೊಡ್ಡ ಆಸರೆ. ಆಕಳ ಮೈ ತೊಳೆಯುತ್ತಾರೆ, ಮೇವು ಹಾಕುತ್ತಾರೆ, ಶೆಗಣಿ ಬಳಿಯುತ್ತಾರೆ, ಕ್ಯಾನ್ ಹಿಡಿದು ಡೇರಿಗೆ ಹಾಲು ಹಾಕಿ ಬರುತ್ತಾರೆ. ಶಾಲೆ ಶುರುವಾಗುವ ದಿನ ಹತ್ತಿರ ಬಂದಂತೆ ಕೆಲವು ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಎಂಟನೇತ್ತೆ ಆತಲ್ಲ, ಇನ್ನ ಸಾಕು. ಮನ್ಯಾಗ ದನಾ ಅದಾವ, ನೋಡೋರು ಯಾರು?" ತೇರದಾಳ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಭಾಗದ ನಮ್ಮ ಸದಸ್ಯೆಯರಿಗೆ ಈ ಮಾತು ಹೊಸದಲ್ಲ. ಈ ಮಾತಿಗೆ ಉತ್ತರ ಕೊಡಲು ತಾಯಂದಿರಿಗೆ ಬೇಕಾದ ಮಾಹಿತಿ ಇಲ್ಲಿದೆ.

ಕಾನೂನು ಏನು ಹೇಳುತ್ತದೆ?

2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿ ಶಿಕ್ಷಣವನ್ನು ಮಕ್ಕಳ ಮೂಲಭೂತ ಹಕ್ಕು ಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿಯವರೆಗೆ, ಶಿಕ್ಷಣ ಉಚಿತ ಮತ್ತು ಕಡ್ಡಾಯ. ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಮತ್ತೆ ಸೇರಿಸಿಕೊಳ್ಳಬೇಕು ಎಂದೂ ಕಾಯ್ದೆ ಹೇಳುತ್ತದೆ.

ಆದರೆ ಎಸ್ಸೆಸ್ಸೆಲ್ಸಿ ಬರುವುದು 15-16ನೇ ವಯಸ್ಸಿಗೆ. ಹೀಗಾಗಿ ಒಂಬತ್ತು ಮತ್ತು ಹತ್ತನೇ ತರಗತಿಯ ಎರಡು ವರ್ಷ ಈ ಕಡ್ಡಾಯದ ಹೊರಗೆ ಉಳಿಯುತ್ತವೆ. ಹದಿನೆಂಟು ವರ್ಷದವರೆಗೆ ಎಲ್ಲರಿಗೂ ಶಿಕ್ಷಣ ಸಿಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಅದು ಗುರಿ ಮಾತ್ರ, ಕಾನೂನಲ್ಲ.

ಇನ್ನೆರಡು ಕಾನೂನುಗಳನ್ನೂ ತಿಳಿದಿರಬೇಕು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ವರ್ಷದೊಳಗಿನವರನ್ನು ದುಡಿಮೆಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಮನೆಯ ಕಸುಬಿನಲ್ಲಿ ಮಕ್ಕಳು ಕೈಜೋಡಿಸಬಹುದು, ಆದರೆ ಶಾಲೆಯ ಅವಧಿ ಮುಗಿದ ಮೇಲೆ ಇಲ್ಲವೇ ರಜೆಯಲ್ಲಿ ಮಾತ್ರ. ಮಗಳು ಸಂಜೆ ಆಕಳಿಗೆ ಮೇವು ಹಾಕಿದರೆ ತಪ್ಪಲ್ಲ. ದನ ಕಾಯಲು ಶಾಲೆ ಬಿಡಿಸಿದರೆ ತಪ್ಪು. ಇನ್ನು 18 ತುಂಬದ ಹುಡುಗಿಯ ಮದುವೆ ಅಪರಾಧ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು.

ಮೂರೂ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿ. 14ರಿಂದ 18ರವರೆಗೆ ಹುಡುಗಿಗೆ ಏನು ಮಾಡಬಾರದು ಎಂದು ಕಾನೂನು ಹೇಳುತ್ತದೆ. ಆಕೆ ಎಲ್ಲಿರಬೇಕು, ಏನು ಕಲಿಯಬೇಕು ಎಂದು ಹೇಳುವುದಿಲ್ಲ. ಆ ನಾಲ್ಕು ವರ್ಷದ ತೀರ್ಮಾನ ಮನೆಯವರ ಕೈಯಲ್ಲೇ ಇದೆ.

ಬೇರೆಯವರು ಏನು ಮಾಡಿದರು?

ನಮ್ಮ ತೇರದಾಳ ಸಾಂಗಲಿ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಪಕ್ಕದ ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಮಕ್ಕಳನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡವಿತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಇಂಗ್ಲೆಂಡಿನಲ್ಲಿ ಶಾಲೆ ಬಿಡುವ ವಯಸ್ಸನ್ನು 1947ರಲ್ಲಿ 15ಕ್ಕೆ, 1972ರಲ್ಲಿ 16ಕ್ಕೆ ಏರಿಸಿದರು. 2015ರಿಂದ 18 ತುಂಬುವವರೆಗೆ ಕಲಿಕೆ ಮುಂದುವರಿಯಬೇಕು. ಆದರೆ ಎಲ್ಲರೂ ಶಾಲೆಯ ಬೆಂಚಿನ ಮೇಲೇ ಕೂರಬೇಕೆಂದಿಲ್ಲ. ಒಂದು ಕಸುಬಿನಲ್ಲಿ ಕೆಲಸ ಮಾಡುತ್ತಲೇ ತರಬೇತಿ ಪಡೆದರೂ ಆಗುತ್ತದೆ. ವಯಸ್ಸು ಏರಿಸಿದ ಜೊತೆಗೆ ದಾರಿಗಳನ್ನೂ ಹೆಚ್ಚಿಸಿದರು.

ಡೆನ್ಮಾರ್ಕ್ ದೇಶದ ಅನುಭವ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 1844ರಲ್ಲಿ ರೈತರ ಮಕ್ಕಳಿಗಾಗಿ ಪರೀಕ್ಷೆಯ ಕಾಟವಿಲ್ಲದ ಜನತಾ ಶಾಲೆಗಳು ಆರಂಭವಾದವು. ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ ಯುವಕರಿಗೆ ಪಾಠ. ಮುಂದೆ ಬೇಸಿಗೆಯಲ್ಲಿ ಯುವತಿಯರಿಗೂ ಪಾಠ ನಡೆಯಿತು. 1882ರಲ್ಲಿ ಅದೇ ದೇಶದ ಒಂದು ಹಳ್ಳಿಯಲ್ಲಿ ರೈತರು ಸೇರಿ ಸಹಕಾರಿ ಡೇರಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅಂಥ ಡೇರಿಗಳು ದೇಶದ ತುಂಬ ಹಬ್ಬಿದವು. ಜನತಾ ಶಾಲೆಗಳಲ್ಲಿ ಕಲಿತವರು ಆ ಚಳವಳಿಗೆ ಬಲ ತುಂಬಿದರು ಎಂದು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಓದು ಮತ್ತು ಹೈನು ಒಂದಕ್ಕೊಂದು ಶತ್ರುವಲ್ಲ.

ನಮ್ಮ ಮನೆಯ ಲೆಕ್ಕ

"ಮಗಳು ಶಾಲೆಗೆ ಹೋದರೆ ಹೈನು ನಡೆಯುವುದಿಲ್ಲ" ಎನ್ನುವವರು ದಿನದ ಹೊತ್ತನ್ನು ಎಣಿಸಿ ನೋಡಬೇಕು. ಡೇರಿಗೆ ಹಾಲು ಹಾಕುವುದು ಬೆಳಿಗ್ಗೆ ಮತ್ತು ಸಂಜೆ. ಶಾಲೆ ನಡೆಯುವುದು ಇವೆರಡರ ನಡುವೆ. ಹಾಲಿನ ಹೊತ್ತು ಶಾಲೆಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮೇವಿನ ಹೊತ್ತು: ಹುಲ್ಲು ಕೊಯ್ದು ತರುವುದು, ದನ ಬಿಟ್ಟುಕೊಂಡು ಹೋಗುವುದು. ಹೊಲದ ಬದುವಿನಲ್ಲಿ ನೇಪಿಯರ್ ಹುಲ್ಲು ಹಚ್ಚಿದರೆ, ಕಣಿಕೆಯನ್ನು ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ ಹಾಕಿದರೆ, ಮಿಶ್ರತಳಿ ಆಕಳನ್ನು ಕೊಟ್ಟಿಗೆಯಲ್ಲೇ ಮೇಯಿಸಿದರೆ ಆ ಹೊತ್ತು ಉಳಿಯುತ್ತದೆ. ಮಗಳ ಓದಿನ ಪ್ರಶ್ನೆಗೆ ಅರ್ಧ ಉತ್ತರ ಮೇವಿನ ವ್ಯವಸ್ಥೆಯಲ್ಲಿದೆ.

ಮತ್ತೊಂದು ಲೆಕ್ಕವೂ ನಮಗೆ ಗೊತ್ತಿದ್ದದ್ದೇ. ಹೆಣ್ಣುಕರು ಹುಟ್ಟಿದರೆ ಅದು ಈದು ಹಾಲು ಕೊಡುವವರೆಗೆ ಎರಡೂವರೆ-ಮೂರು ವರ್ಷ ಮೇವು, ಹಿಂಡಿ ಹಾಕುತ್ತೇವೆ. ಅಷ್ಟು ದಿನ ಹನಿ ಹಾಲಿಲ್ಲ. ಆದರೂ ಯಾರೂ ಅದನ್ನು ನಷ್ಟ ಎನ್ನುವುದಿಲ್ಲ. ಎಂಟನೇ ತರಗತಿಯಿಂದ ಎಸ್ಸೆಸ್ಸೆಲ್ಸಿಗೆ ಇರುವುದು ಎರಡೇ ವರ್ಷ. ಕರುವಿಗೆ ತೋರಿಸುವ ತಾಳ್ಮೆಯನ್ನು ಮಗಳಿಗೂ ತೋರಿಸೋಣ.

ಖರ್ಚಿನ ಭಾರವೂ ಮೊದಲಿನಷ್ಟಿಲ್ಲ. ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಮಧ್ಯಾಹ್ನದ ಊಟವಿದೆ, ಪಠ್ಯಪುಸ್ತಕ ಉಚಿತ. ಪ್ರೌಢಶಾಲೆ ಬೇರೆ ಊರಿನಲ್ಲಿದ್ದರೂ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ.

ಎಸ್ಸೆಸ್ಸೆಲ್ಸಿ ನಂತರ ಇರುವ ದಾರಿಗಳು

ಎಲ್ಲ ಮಕ್ಕಳಿಗೂ ಪುಸ್ತಕದ ಓದು ಒಗ್ಗುವುದಿಲ್ಲ. ಅದು ಕೊರತೆಯಲ್ಲ. ಪಿಯುಸಿ, ಡಿಗ್ರಿ ಬೇಡವೆಂದರೆ ಉಳಿಯುವುದು ಮದುವೆ ಇಲ್ಲವೇ ಕೂಲಿ ಎಂದು ತಿಳಿಯುವುದೇ ತಪ್ಪು. ಈ ದಾರಿಗಳನ್ನು ಗಮನಿಸಿ:

- ಐಟಿಐ: ಒಂದು ಅಥವಾ ಎರಡು ವರ್ಷದ ಕಸುಬಿನ ತರಬೇತಿ. ವಿದ್ಯುತ್ ಕೆಲಸ, ಕಂಪ್ಯೂಟರ್, ಹೊಲಿಗೆ ಮುಂತಾದವು ಹೆಣ್ಣುಮಕ್ಕಳಿಗೂ ತೆರೆದಿವೆ.
- ಪಾಲಿಟೆಕ್ನಿಕ್ ಡಿಪ್ಲೊಮಾ: ಮೂರು ವರ್ಷ. ಮುಂದೆ ಬೇಕೆಂದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶಕ್ಕೆ ಅವಕಾಶವಿದೆ.
- ಪಶುಸಂಗೋಪನೆ ಡಿಪ್ಲೊಮಾ: ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುವ ಎರಡು ವರ್ಷದ ಕೋರ್ಸ್. ಕೊಟ್ಟಿಗೆಯಲ್ಲಿ ಬೆಳೆದ ಹುಡುಗಿಗೆ ಇದರ ಅರ್ಧ ಪಾಠ ಮೊದಲೇ ಗೊತ್ತಿರುತ್ತದೆ.
- ಕೃಷಿ ಡಿಪ್ಲೊಮಾ: ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಎರಡು ವರ್ಷ, ಕನ್ನಡ ಮಾಧ್ಯಮ.
- ಕೈಮಗ್ಗ ತಂತ್ರಜ್ಞಾನ ಡಿಪ್ಲೊಮಾ: ಗದಗದಲ್ಲಿ ಮೂರು ವರ್ಷದ ಕಲಿಕೆ. ರಬಕವಿ-ಬನಹಟ್ಟಿಯ ನೇಕಾರ ಮನೆಗಳ ಮಕ್ಕಳಿಗೆ ಹೊಂದುವಂಥದ್ದು.

ಪ್ರವೇಶದ ಅರ್ಜಿ, ಸೀಟು, ಶುಲ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಫಲಿತಾಂಶ ಬಂದ ವಾರವೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ. ಒಂದು ಎಚ್ಚರಿಕೆ: ಶಾಲೆ ಬಿಡಿಸಿ ಎರಡು ತಿಂಗಳ ಹೊಲಿಗೆ ಕ್ಲಾಸಿಗೆ ಕಳಿಸಿದರೆ ಅದು ಪರ್ಯಾಯ ಶಿಕ್ಷಣವಾಗುವುದಿಲ್ಲ. ಮೇಲಿನ ಬಹುತೇಕ ಬಾಗಿಲುಗಳ ಕೀಲಿಕೈ ಎಸ್ಸೆಸ್ಸೆಲ್ಸಿ ಅಂಕಪಟ್ಟಿ.

ಫೇಲಾದರೆ?

ಒಂದು ಸಲ ಫೇಲಾದ ಕೂಡಲೇ ಓದು ನಿಲ್ಲಿಸಬೇಡಿ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಶಾಲೆ ಬಿಟ್ಟು ಬಹಳ ದಿನವಾಗಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಹೆಸರು ಹಚ್ಚಿ, ಐದು ವರ್ಷದೊಳಗೆ ಒಂದೊಂದೇ ವಿಷಯ ಪಾಸು ಮಾಡಿಕೊಳ್ಳಬಹುದು. ಇದು ಮಗಳಿಗೆ ಮಾತ್ರವಲ್ಲ, ಅರ್ಧಕ್ಕೆ ಓದು ಬಿಟ್ಟ ತಾಯಿಗೂ, ಸೊಸೆಗೂ ಇರುವ ದಾರಿ.

ಸಂಘದಲ್ಲಿ ನಾವು ಮಾಡಬಹುದಾದದ್ದು

ಡೇರಿಯಲ್ಲಿ ಕಾರ್ಯದರ್ಶಿ, ಹಾಲು ಪರೀಕ್ಷಕಿ, ಕೃತಕ ಗರ್ಭಧಾರಣೆ ಕಾರ್ಯಕರ್ತೆ, ಊರಿನಲ್ಲಿ ಪಶು ಸಖಿ: ಈ ಕೆಲಸಗಳಿಗೆಲ್ಲ ಓದಿ ಬರೆಯಬಲ್ಲ, ಲೆಕ್ಕ ಬಲ್ಲ ಹೆಣ್ಣುಮಕ್ಕಳು ಬೇಕು. ಫ್ಯಾಟು, ಎಸ್ಎನ್ಎಫ್ ಚೀಟಿಯನ್ನು ಓದಬಲ್ಲ ಮಗಳಿದ್ದ ಮನೆಗೆ ತನ್ನ ಹಾಲಿನ ಬೆಲೆ ಹೇಗೆ ಬಂತೆಂದು ತಿಳಿಯುತ್ತದೆ.

ಆದ್ದರಿಂದ ಪ್ರತಿ ಮಹಿಳಾ ಸಂಘವೂ ಏಪ್ರಿಲ್ ತಿಂಗಳ ಸಭೆಯಲ್ಲಿ ಎಂಟನೇ ತರಗತಿ ಮುಗಿಸಿದ ಸದಸ್ಯೆಯರ ಮಕ್ಕಳ ಪಟ್ಟಿ ಮಾಡಲಿ. ಶಾಲೆ ಆರಂಭವಾದ ಹದಿನೈದು ದಿನಕ್ಕೆ ಅದೇ ಪಟ್ಟಿ ತೆಗೆದು, ಯಾರು ಒಂಬತ್ತಕ್ಕೆ ಹೋಗಿಲ್ಲವೋ ಅವರ ಮನೆಗೆ ಇಬ್ಬರು ಹೋಗಿ ಬರಲಿ. ಜಗಳಕ್ಕಲ್ಲ, ಅಡಚಣೆ ಏನೆಂದು ಕೇಳಲು. ಮೇವಿನ ತೊಂದರೆಯೋ, ಬಸ್ಸಿನದೋ, ಹುಡುಗಿಗೆ ಗಣಿತದ ಹೆದರಿಕೆಯೋ ಎಂದು ಗೊತ್ತಾದರೆ ಪರಿಹಾರ ಹುಡುಕಬಹುದು. ಮದುವೆಯ ಮಾತು ನಡೆದಿದ್ದರೆ 1098 ಮಕ್ಕಳ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಹೈನುಗಾರರ ಹಾಲು ಪುಡಿಯಾಗಿ ಸರ್ಕಾರಿ ಶಾಲೆಗಳಿಗೆ ಹೋಗುತ್ತಿದೆ. ಹತ್ತನೇ ತರಗತಿಯವರೆಗಿನ ಮಕ್ಕಳು ಅದನ್ನು ಕುಡಿಯುತ್ತಾರೆ. ನಾವು ಕರೆದ ಹಾಲು ಹತ್ತನೇ ತರಗತಿಯವರೆಗೆ ಹೋಗುವಾಗ ನಮ್ಮ ಮಗಳು ಎಂಟಕ್ಕೇ ನಿಲ್ಲುವುದು ಬೇಡ.